ಬರೀ ಇಳಿಯೋದು ತಾನೇ!

"ಇದರಲ್ಲಿ ಹತ್ತೋದೇ ಇಲ್ಲ ಕಣೋ, ಬರೀ ಇಳಿಯೋದು" ಅಂತ ಡಾಕ್ಟ್ರು ಹೇಳಿದ. ನಾನು ಹೂಂ ಅಂದುಬಿಟ್ಟೆ. ಅವನು ನಿಜವಾದ ಡಾಕ್ಟರ್ ಅಲ್ಲ, ಸಾಫ್ಟ್‌ವೇರ್‌ನವನು. ಕಾಲೇಜಿನ ದಿನಗಳಿಂದಲೂ ಬ್ಯಾಗಿನಲ್ಲಿ ಮಾತ್ರೆ, ಮುಲಾಮು ಇಟ್ಟುಕೊಂಡೇ ಓಡಾಡುತ್ತಾನೆ, ಅದಕ್ಕೆ ಆ ಹೆಸರು. ಈಗ ಜರ್ಮನಿಯಲ್ಲಿದ್ದಾನೆ. ಹಾಸನದ ಇನ್ನೊಬ್ಬ ಗೆಳೆಯನೂ ಸೇರಿ ನಾವು ಮೂವರು ಸೆಪ್ಟೆಂಬರ್ ಕೊನೆಯಲ್ಲಿ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗಿದ್ದೆವು. ಅಲ್ಲಿ ತನಕ ಹೋಗಿ ಸಮಾರಿಯಾ ಕಣಿವೆ ನಡೆಯದೆ ಬರೋದುಂಟಾ?

ಒಮಾಲೋಸ್ ಅನ್ನುವ ಬಯಲಿನ ಅಂಚಿನಲ್ಲಿ, ಸುಮಾರು 1,200 ಮೀಟರ್ ಎತ್ತರದಲ್ಲಿ ದಾರಿ ಶುರುವಾಗುತ್ತದೆ. 16 ಕಿಲೋಮೀಟರ್ ನಡೆದರೆ ಸಮುದ್ರ. ಕುಮಾರ ಪರ್ವತ ಹತ್ತಿದವನಿಗೆ ಇದೇನು ಮಹಾ ಅಂದುಕೊಂಡೆ. ಅದನ್ನು ಹತ್ತಿ 15 ವರ್ಷ ಆಗಿತ್ತು. ಹೊಟ್ಟೆ ಆಮೇಲೆ ಬಂದದ್ದು.

ಟಿಕೆಟ್ ಕೊಟ್ಟವರು ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಕೊನೆಯಲ್ಲಿ ತೋರಿಸಬೇಕು ಅಂದರು. ಒಳಗೆ ಹೋದವರು ಹೊರಗೆ ಬಂದರಾ ಅಂತ ಲೆಕ್ಕ ಇಡೋಕೆ. ಆಗ ನಕ್ಕಿದ್ದೆವು.

ಇಳಿಯಲು ಶುರು ಮಾಡುವ ಜಾಗದ ಹೆಸರು ಕ್ಸಿಲೋಸ್ಕಾಲೋ. ಹಾಗಂದ್ರೆ ಮರದ ಏಣಿ. ಈಗ ಇರುವುದು ಏಣಿಯಲ್ಲ, ಪೈನ್ ಮರಗಳ ನಡುವೆ ಸುತ್ತಿ ಸುತ್ತಿ ಇಳಿಯುವ ಕಲ್ಲಿನ ದಾರಿ. ಎದುರಿಗೆ ಬೋಳು ಬಂಡೆಯ ಬೆಟ್ಟ. ಮೊದಲ ಅರ್ಧ ಗಂಟೆ ಮಜವಾಗಿತ್ತು. ಆಮೇಲೆ ಕಾಲ್ಬೆರಳು ಬೂಟಿನ ಮುಂದಕ್ಕೆ ಗುದ್ದತೊಡಗಿದವು. ಒಂದೊಂದು ಹೆಜ್ಜೆಗೂ ಒಂದು ಗುದ್ದು. ಹತ್ತುವಾಗ ಏದುಸಿರು ಬಂದರೆ ನಿಂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಉಸಿರು ಆರಾಮಾಗಿರುತ್ತೆ, ಮಂಡಿ ಮಾತ್ರ ಒಳಗೊಳಗೇ ಸವೆಯುತ್ತಿರುತ್ತೆ. ನಿಂತರೆ ಕಾಲು ಗಡಗಡ ನಡುಗುತ್ತೆ. ಇಳಿಯುವ ಮುಂಚೆ ಲೇಸನ್ನು ಬಿಗಿಯಾಗಿ ಕಟ್ಟಬೇಕಿತ್ತು ಅಂತ ಡಾಕ್ಟ್ರು ಹೇಳಿದ್ದು ಐದನೇ ಕಿಲೋಮೀಟರಿನಲ್ಲಿ!

ನಡುದಾರಿಯಲ್ಲಿ ಸಮಾರಿಯಾ ಊರು ಸಿಗುತ್ತದೆ. ಊರು ಅಂದರೆ ಕಲ್ಲಿನ ಮನೆಗಳು ಅಷ್ಟೇ, ಜನ ಇಲ್ಲ. 1962ರಲ್ಲಿ ಕಣಿವೆಯನ್ನು ರಾಷ್ಟ್ರೀಯ ಉದ್ಯಾನ ಮಾಡಿದಾಗ ಊರಿನವರು ಮನೆ ಬಿಟ್ಟು ಹೊರಟರಂತೆ. ನಮ್ಮ ಕಡೆ ಕಾಡಂಚಿನ ಹಾಡಿಗಳನ್ನು ಎತ್ತಿಸಿದ್ದು ನೆನಪಾಯಿತು. ಅಲ್ಲೇ ಬೆಂಚಿನ ಮೇಲೆ ಕೂತು ಖಾರದ ಅವಲಕ್ಕಿ ಬಿಚ್ಚಿದೆವು. ಕ್ರಿಕ್ರಿ ಅನ್ನುವ ಕಾಡುಮೇಕೆಯೊಂದು ಸೀದಾ ಹತ್ತಿರ ಬಂದು ಪೊಟ್ಟಣವನ್ನೇ ನೋಡುತ್ತಾ ನಿಂತಿತು. ಕೊಡಲಿಲ್ಲ. ಕೊಡಬಾರದು ಅನ್ನೋದು ಒಂದು, ಇದ್ದದ್ದೇ ಸ್ವಲ್ಪ ಅನ್ನೋದು ಇನ್ನೊಂದು. ಪಕ್ಕದ ಮರದಡಿ ಹೇಸರಗತ್ತೆ ಕಟ್ಟಿದ್ದರು. ಕಾಲು ಉಳುಕಿಸಿಕೊಂಡವರನ್ನು ಹೊರೋಕೆ. ಹಾಸನದವನು ಅದನ್ನು ಆಸೆಯಿಂದ ನೋಡಿದ.

ಅಲ್ಲಿಂದ ಮುಂದೆ ಇಳಿಜಾರು ಕಡಿಮೆ, ಆದರೆ ಹೊಳೆಯ ಉರುಟು ಕಲ್ಲುಗಳ ಮೇಲೆ ನಡಿಗೆ. ಕೆಲವು ಕಡೆ ಬಂಡೆ ಉರುಳಬಹುದು, ಬೇಗ ದಾಟಿ ಅಂತ ಬೋರ್ಡು. ಬೇಗ ಹೋಗೋ ಕಾಲು ಎಲ್ಲಿತ್ತು? ಆಮೇಲೆ 'ಕಬ್ಬಿಣದ ಬಾಗಿಲು' ಬಂತು. ಬಾಗಿಲೂ ಇಲ್ಲ, ಕಬ್ಬಿಣವೂ ಇಲ್ಲ. ಎರಡೂ ಕಡೆ ಸುಮಾರು 300 ಮೀಟರ್ ಎತ್ತರದ ಬಂಡೆ, ನಡುವೆ ನಾಲ್ಕು ಮೀಟರಿನಷ್ಟು ಸಂದು. ಆ ಸಂದಿನಲ್ಲೇ ನೀರು, ನೀರಿನ ಮೇಲೆ ಮರದ ಹಲಗೆ. ತಂಪು ಗಾಳಿ ಬೀಸುತ್ತಿತ್ತು. ಮಾತಾಡುವ ಡಾಕ್ಟ್ರು ಕೂಡ ಕತ್ತೆತ್ತಿ ಸುಮ್ನೆ ನಿಂತುಬಿಟ್ಟ. ಆ ಐದು ನಿಮಿಷ ನನಗೆ ಕಾಲು ಇರುವುದೇ ಮರೆತಿತ್ತು.

ಗೇಟು ಕಂಡಾಗ ಮುಗೀತು ಅಂತ ಕೂಗಿದೆವು. ಟಿಕೆಟ್ ಹುಡುಕಿದರೆ ಅವಲಕ್ಕಿ ಪೊಟ್ಟಣದೊಳಗೆ, ಎಣ್ಣೆ ಕುಡಿದು ಅರಿಶಿನ ಬಣ್ಣಕ್ಕೆ ತಿರುಗಿತ್ತು. ಗೇಟಿನವನು ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ನಮ್ಮನ್ನು ಬಿಟ್ಟ. ಆದರೆ ಅಲ್ಲಿ ಮುಗಿದದ್ದು ಉದ್ಯಾನದ 13 ಕಿಲೋಮೀಟರ್ ಮಾತ್ರ. ಸಮುದ್ರಕ್ಕೆ ಇನ್ನೂ ಮೂರು ಕಿಲೋಮೀಟರ್, ಅದೂ ಸುಡುಬಿಸಿಲಲ್ಲಿ.

ಪಕ್ಕದಲ್ಲೇ ಒಂದು ಮಿನಿಬಸ್ ನಿಂತಿತ್ತು. ಸ್ವಲ್ಪ ದುಡ್ಡು ಕೊಟ್ಟರೆ ಊರಿಗೆ ಬಿಡುತ್ತದೆ. ಮೂವರೂ ಅದನ್ನು ನೋಡಿದೆವು. ಯಾರೂ ಬಾಯಿ ಬಿಡಲಿಲ್ಲ. "ನಡೆಯೋಣ್ವಾ?" ಅಂದ ಡಾಕ್ಟ್ರು. "ಮತ್ತಿನ್ನೇನು" ಅಂದೆ ನಾನು. ಆ ಮೂರು ಕಿಲೋಮೀಟರ್ ಬಗ್ಗೆ ಬರೆಯಲು ಏನೂ ಇಲ್ಲ. ನೆಲ ನೋಡಿಕೊಂಡು ನಡೆದೆ ಅಷ್ಟೇ.

ಆಗಿಯಾ ರೂಮೇಲಿ ಊರಿನ ಕಡಲತೀರದಲ್ಲಿ ಬೂಟು ಬಿಚ್ಚಿದರೆ ಹೆಬ್ಬೆರಳಿನ ಉಗುರು ಎರಡೂ ನೇರಳೆ ಹಣ್ಣಿನ ಬಣ್ಣ. ನೀರಿಗೆ ಕಾಲಿಟ್ಟೆ. ಉಪ್ಪು ಚುರುಗುಟ್ಟಿತು, ಆದರೂ ತೆಗೆಯಲು ಮನಸ್ಸಾಗಲಿಲ್ಲ. ಆ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಸಂಜೆಯ ದೋಣಿಯಲ್ಲೇ ಪಕ್ಕದ ಊರಿಗೆ ಹೋಗಿ ಬಸ್ಸು ಹಿಡಿಯಬೇಕು.

ದೋಣಿಯ ಮೇಲಂತಸ್ತಿನಲ್ಲಿ ಗಾಳಿಗೆ ಕೂತಿದ್ದಾಗ ಹಾಸನದವನು ಮೆಲ್ಲಗೆ, "ನಿಮ್ಮಲ್ಲಿ ಒಬ್ರು ಹೂಂ ಅಂದಿದ್ರೂ ನಾನು ಆ ಬಸ್ ಹತ್ತಿರ್ತಿದ್ದೆ" ಅಂದ. "ನಾನೂ" ಅಂದ ಡಾಕ್ಟ್ರು. ನಾನು ಮಾತಾಡಲಿಲ್ಲ. ನಾನಂತೂ ಜೇಬಿನಲ್ಲಿ ಚಿಲ್ಲರೆಯನ್ನೂ ಎಣಿಸಿಟ್ಟುಕೊಂಡಿದ್ದೆ.

ದಡ ಬಂತು. ಎಲ್ಲರೂ ಎದ್ದರು. ಕೆಳಗಿಳಿಯಲು ಕಡಿದಾದ ಕಬ್ಬಿಣದ ಮೆಟ್ಟಿಲು. ಡಾಕ್ಟ್ರು ಒಂದು ಮೆಟ್ಟಿಲು ಇಳಿದು, ಅಯ್ಯೋ ಅಂದು, ತಿರುಗಿ ಹಿಮ್ಮುಖವಾಗಿ ನಿಂತ. ಎರಡೂ ಕೈಯಲ್ಲಿ ಕಂಬಿ ಹಿಡಿದು, ತೆಂಗಿನ ಮರದಿಂದ ಇಳಿಯುವವರ ಹಾಗೆ ಮೂವರೂ ಸಾಲಾಗಿ ಇಳಿದೆವು. ಮೇಲೆ ಒಬ್ಬ ಗ್ರೀಕ್ ಅಜ್ಜಿ ಕೈಚೀಲ ಹಿಡಿದು ತಾಳ್ಮೆಯಿಂದ ಕಾಯುತ್ತಿದ್ದರು.