240ರ ಸಾ

1992ರ ಮಳೆಗಾಲ. ಶಿರಸಿಯ ನಮ್ಮ ಕಾಲೇಜಿನ ಕಂಪ್ಯೂಟರ್ ರೂಮಿನ ಹೊರಗೆ ಒದ್ದೆ ಚಪ್ಪಲಿಗಳ ಸಾಲು, ನೀರಿಳಿಯುವ ಕೊಡೆಗಳು. ಒಳಗೆ ಎರಡೇ ಪಿಸಿ. ಸೌಂಡ್ ಕಾರ್ಡ್ ಅನ್ನೋ ಹೆಸರನ್ನೇ ನಾವು ಕೇಳಿರಲಿಲ್ಲ. ಡಬ್ಬಿಯೊಳಗೆ ಬೀಪ್ ಅನ್ನುವ ಒಂದು ಪುಟ್ಟ ಸ್ಪೀಕರ್ ಇತ್ತು, ಅಷ್ಟೇ.

ಆ ಬೀಪಿನಲ್ಲೂ ಹಾಡು ಇದೆ ಎಂದು ತೋರಿಸಿದವರು ನಮ್ಮ ಫಿಸಿಕ್ಸ್ ಸರ್. 1975ರ ಆಲ್ಟೇರ್ 8800 ಕಂಪ್ಯೂಟರಿಗೆ ಸ್ಪೀಕರ್ ಕೂಡ ಇರಲಿಲ್ಲವಂತೆ. ಅಮೆರಿಕದ ಸ್ಟೀವ್ ಡೊಂಪಿಯರ್ ಅದರ ಪಕ್ಕ ರೇಡಿಯೊ ಇಟ್ಟರು. ಯಂತ್ರ ಲೆಕ್ಕ ಮಾಡುವಾಗ ಹೊರಬೀಳುವ ಅಲೆಗಳು ರೇಡಿಯೊದಲ್ಲಿ ಗೊರಗೊರ ಕೇಳುತ್ತವೆ, ಅಲ್ವಾ? ಆ ಗೊರಗೊರವನ್ನೇ ಪ್ರೋಗ್ರಾಂ ಬರೆದು ಸ್ವರಕ್ಕೆ ತಂದರು. ಸರ್ ತಮ್ಮ ಟ್ರಾನ್ಸಿಸ್ಟರನ್ನು ನಮ್ಮ ಪಿಸಿಯ ಪಕ್ಕ ಹಿಡಿದಾಗ ನಮಗೂ ಆ ಸದ್ದು ಕೇಳಿಸಿತು. ನನಗೆ ಮೈ ಜುಂ ಎಂದಿತ್ತು.

ನಮ್ಮ ಪಿಸಿಯಲ್ಲಿ ಕೆಲಸ ಸುಲಭ. ಪ್ರೋಗ್ರಾಂ ಬರೆಯುವ ಭಾಷೆಯಾದ ಜಿಡಬ್ಲ್ಯೂ ಬೇಸಿಕ್‌ನಲ್ಲಿ ‘ಸೌಂಡ್’ ಎಂದು ಬರೆದು ಎರಡು ಅಂಕಿ ಕೊಟ್ಟರೆ ಸಾಕು. ಮೊದಲನೆಯದು ಸೆಕೆಂಡಿಗೆ ಎಷ್ಟು ಕಂಪನ, ಎರಡನೆಯದು ಎಷ್ಟು ಹೊತ್ತು. ಹೊತ್ತಿನ ಲೆಕ್ಕ ಟಿಕ್‌ನಲ್ಲಿ, ಸೆಕೆಂಡಿಗೆ 18.2 ಟಿಕ್. ಒಂದು ಸಲಕ್ಕೆ ಒಂದೇ ಸ್ವರ. ಜೋರು, ಮೆಲ್ಲಗೆ ಎಂಬುದೆಲ್ಲ ಇಲ್ಲ.

ನಾನು ಸಾ 240 ಇಟ್ಟು, ಸಾದಿಂದ ಮೇಲಿನ ಸಾವರೆಗೆ ಹನ್ನೆರಡು ಸಮ ಮೆಟ್ಟಿಲು ಮಾಡುವ ಪಾಶ್ಚಾತ್ಯ ಪದ್ಧತಿಯ ಲೆಕ್ಕದಲ್ಲಿ ಭೂಪ್ ರಾಗದ ಸ್ವರ ಬರೆದೆ. ಗ 302 ಬಂತು. ಸಿದ್ದಾಪುರದ ಕಡೆಯ ಗೆಳತಿಯೊಬ್ಬಳು ಹಿಂದೂಸ್ತಾನಿ ಕಲಿಯುತ್ತಿದ್ದಳು. ಕೇಳಿದವಳೇ ‘ಗ ಒಂಚೂರು ಏರಿದೆ’ ಅಂದಳು. ಬರೀ ಎರಡು ಕಂಪನದ ವ್ಯತ್ಯಾಸ! ಸರ್ ಬೋರ್ಡಿನ ಮೇಲೆ ಬರೆದರು: ರಿ ಅಂದರೆ ಸಾದ ಒಂಬತ್ತು ಎಂಟನೇ ಭಾಗ, 270. ಗ ಐದು ನಾಲ್ಕನೇ ಭಾಗ, 300. ಪ ಒಂದೂವರೆ ಪಟ್ಟು, 360. ಧ ಐದು ಮೂರನೇ ಭಾಗ, 400. ಮೇಲಿನ ಸಾ 480. ಎಲ್ಲೂ ಶೇಷ ಉಳಿಯಲಿಲ್ಲ. 302 ಅಳಿಸಿ 300 ಹಾಕಿ ಮತ್ತೆ ರನ್ ಕೊಟ್ಟೆ. ಆ ಒಣಕಲು ಬೀಪಿನಲ್ಲೂ ಗ ನೆಟ್ಟಗೆ ಕೂತಿತು.

ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್‌ಗೆ ಮಾತ್ರ ವಾರಗಟ್ಟಲೆ ಒದ್ದಾಡಿದೆವು. 300ರಿಂದ 360ಕ್ಕೆ ಹತ್ತತ್ತು ಏರಿಸಿದರೆ ಮೆಟ್ಟಿಲು ಹತ್ತಿದ ಹಾಗೆ ಕೇಳುತ್ತಿತ್ತು. ಮೂರು ಮೂರು ಏರಿಸಿ, ಒಂದೊಂದಕ್ಕೆ ಒಂದೇ ಟಿಕ್ ಕೊಟ್ಟಾಗ ಸ್ವಲ್ಪ ಜಾರಿತು. ನಡುವೆ ಕರೆಂಟು ಹೋದರೆ ಟೈಪ್ ಮಾಡಿದ್ದೆಲ್ಲ ಹೋಯಿತು. ಮತ್ತೆ ಮೊದಲಿಂದ.

ಒಂದು ಸೋಮವಾರ ಸರ್ ಹೇಳಿದ ಹಾಗೆ ಅವಳು ತಂಬೂರಿ ತಂದಳು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು. ಪಿಸಿ 240 ನುಡಿಯುತ್ತಲೇ ಇತ್ತು. ಅವಳು ಜೋಡಿ ತಂತಿ ಮೀಟಿದಳು. ಸ್ವರ ಒಂಚೂರು ಬೇರೆ ಇದ್ದದ್ದಕ್ಕೆ ಎರಡು ಸದ್ದಿನ ನಡುವೆ ವಾಂವ್ ವಾಂವ್ ಎಂದು ಅಲೆ ಎದ್ದಿತು. ಶ್ರುತಿ ಹೊಂದಿಸುವ ಮಣಿಯನ್ನು ಕೂದಲೆಳೆಯಷ್ಟು ಸರಿಸಿದಳು. ಅಲೆ ನಿಧಾನವಾಯಿತು. ಇನ್ನೊಂಚೂರು ಸರಿಸಿದಳು. ಅಲೆ ನಿಂತೇ ಹೋಯಿತು. ಸರ್ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. ಬೆಲ್ ಹೊಡೆದರೂ ನಮ್ಮನ್ನು ಎಬ್ಬಿಸಲಿಲ್ಲ.