ಬೈರಾಸು ಹಾಸಿದ ಪಿಯಾನೋ

ಬರ್ಲಿನ್‌ಗೆ ಹೋದ ಹೊಸತರಲ್ಲಿ ಒಂದು ರಾತ್ರಿ ಮೀನು ಗಸಿ ಮಾಡುವ ಅಂತ ಹೊರಟೆ. ತೆಂಗಿನಕಾಯಿ, ಹುರಿದ ಮೆಣಸು, ಕೊತ್ತಂಬರಿ ಎಲ್ಲ ಹಾಕಿ ಮಿಕ್ಸಿ ತಿರುಗಿಸಿದೆ. ಎರಡು ನಿಮಿಷ ಆಗಿರಲಿಲ್ಲ, ಯಾರೋ ಬಾಗಿಲು ಬಡಿದರು. ಕೆಳಗಿನ ಮನೆಯ ಅಜ್ಜಿ. ನೈಟಿಯ ಮೇಲೆ ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. ಬೈಯಲಿಲ್ಲ. ಕೈಗಡಿಯಾರ ತೋರಿಸಿದರು, ಅಷ್ಟೆ. ಹತ್ತೂಕಾಲು.

ಅಲ್ಲಿ ಅದಕ್ಕೆ ‘ರೂಹೆತ್ಸೈಟ್’ ಅಂತಾರೆ. ಸದ್ದು ಮಾಡಬಾರದ ಹೊತ್ತು. ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ. ಭಾನುವಾರವಾದರೆ ಇಡೀ ದಿನ. ಗೋಡೆಗೆ ಡ್ರಿಲ್ ಹಾಕುವ ಹಾಗಿಲ್ಲ, ಮೊಳೆ ಹೊಡೆಯುವ ಹಾಗಿಲ್ಲ. ನನ್ನ ಬಾಡಿಗೆ ಮನೆ ಹಳೆಯ ಕಟ್ಟಡದಲ್ಲಿತ್ತು, ಮರದ ನೆಲ. ನಾನು ಚಮಚ ಬೀಳಿಸಿದರೂ ಅಜ್ಜಿಗೆ ಗೊತ್ತಾಗುತ್ತಿತ್ತು.

ಮಾರನೇ ದಿನ ಅಮ್ಮ ಸೂಟ್‌ಕೇಸಿಗೆ ತುರುಕಿದ್ದ ಬೈರಾಸನ್ನು, ಅಂದರೆ ಹೆಗಲಿಗೆ ಹಾಕುವ ಟವೆಲನ್ನು, ನಾಲ್ಕು ಮಡಿಕೆ ಮಾಡಿ ಮಿಕ್ಸಿಯ ಅಡಿಗೆ ಹಾಸಿದೆ. ‘ಗರ್ರ್’ ಅನ್ನುತ್ತಿದ್ದದ್ದು ‘ಗುಂಯ್’ ಅಂತ ಆಯಿತು. ಮೋಟಾರು ಬೇಗ ಬಿಸಿಯಾಗಿ ಒಂದು ನಮೂನೆ ವಾಸನೆ ಬರುತ್ತಿತ್ತು, ಅದು ಬೇರೆ ಮಾತು. ಅಜ್ಜಿ ಮಾತ್ರ ಮತ್ತೆ ಬರಲಿಲ್ಲ.

ಆಫೀಸಿನಲ್ಲಿ ಈ ಕತೆ ಹೇಳಿದಾಗ ಪಕ್ಕದ ಸೀಟಿನವಳು ನಕ್ಕು ನಕ್ಕು ಸುಸ್ತಾದಳು. ಆಮೇಲೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, "ಇವನೂ ನಿನ್ನ ಹಾಗೇ ಮಾಡಿದ್ದು, ಕೇಳು" ಅಂದಳು. ನಿಲ್ಸ್ ಫ್ರಾಮ್ ಅಂತ ಒಬ್ಬರಿದ್ದಾರೆ ಅಂತ ನನಗೆ ಗೊತ್ತಾದದ್ದು ಹೀಗೆ, ಮಿಕ್ಸಿಯ ದೆಸೆಯಿಂದ.

ಫ್ರಾಮ್ 1982ರಲ್ಲಿ ಹುಟ್ಟಿದವರು, ಹ್ಯಾಂಬರ್ಗ್‌ನವರು. ಅಪ್ಪ ಫೋಟೋಗ್ರಾಫರ್. ಮಗ ಸಣ್ಣದರಲ್ಲೇ ಶಾಸ್ತ್ರೀಯವಾಗಿ ಪಿಯಾನೋ ಕಲಿತು, ದೊಡ್ಡವನಾದ ಮೇಲೆ ಬರ್ಲಿನ್‌ಗೆ ಬಂದು ನೆಲೆಸಿದ. ಪಿಯಾನೋ ನುಡಿಸುವುದು, ತಾನೇ ರಾಗ ಕಟ್ಟುವುದು, ತಾನೇ ರೆಕಾರ್ಡ್ ಮಾಡುವುದು, ಮೂರೂ ಅವರದೇ. ನುಡಿಸುವ ಹೊತ್ತು ಮಾತ್ರ ರಾತ್ರಿ. ಅಕ್ಕಪಕ್ಕದವರಿಗೆ ನಿದ್ದೆ ಬೇಡವಾ?

ಇಲ್ಲಿ ಪಿಯಾನೋದ ಹೊಟ್ಟೆ ಸ್ವಲ್ಪ ಬಿಚ್ಚಿ ತೋರಿಸಬೇಕು. ಹೊರಗಿಂದ ನೋಡಿದರೆ ಅದು ನಮ್ಮ ಹಾರ್ಮೋನಿಯಂನ ದೊಡ್ಡಣ್ಣ. ಯಕ್ಷಗಾನದ ಭಾಗವತರು ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಅಂತ ಶ್ರುತಿ ಹೇಳ್ತಾರಲ್ಲ, ಅದೇ ಕಪ್ಪು, ಅದೇ ಬಿಳಿ. ಒಟ್ಟು 88 ಕೀ. ಒಳಗೆ ಮಾತ್ರ ಪೂರಾ ಬೇರೆ. ಹಾರ್ಮೋನಿಯಂ ಗಾಳಿಯಿಂದ ನುಡಿದರೆ ಪಿಯಾನೋ ಪೆಟ್ಟಿನಿಂದ ನುಡಿಯುತ್ತದೆ. ಒಂದೊಂದು ಕೀಗೂ ಒಂದು ಪುಟ್ಟ ಮರದ ಸುತ್ತಿಗೆ. ಅದರ ತಲೆಗೆ ಫೆಲ್ಟ್, ಅಂದರೆ ಒತ್ತಿ ಗಟ್ಟಿ ಮಾಡಿದ ಉಣ್ಣೆ. ಬೆರಳು ಒತ್ತಿದ ಕೂಡಲೇ ಸುತ್ತಿಗೆ ಹಾರಿ ತಂತಿಗೆ ಬಡಿದು ವಾಪಸ್ ಬರುತ್ತದೆ. ಲೆಕ್ಕಕ್ಕೆ ಅದೂ ಬಡಿಯುವ ವಾದ್ಯವೇ, ಚೆಂಡೆಯ ಹಾಗೆ.

ಫ್ರಾಮ್ ಏನು ಮಾಡಿದರು ಅಂದರೆ, ಸುತ್ತಿಗೆಗೂ ತಂತಿಗೂ ನಡುವೆ ಇನ್ನೊಂದು ಪದರ ಫೆಲ್ಟ್ ಇಳಿಬಿಟ್ಟರು. ನನ್ನ ಬೈರಾಸಿನ ಹಾಗೆ. ಸದ್ದು ಪಿಸುಮಾತಿನಷ್ಟಾಯಿತು. ಆ ಪಿಸುಮಾತು ರೆಕಾರ್ಡ್ ಆಗಬೇಕಾದರೆ ಮೈಕನ್ನು ಪಿಯಾನೋದ ಒಳಗೇ, ತಂತಿಗೆ ತಾಗುವಷ್ಟು ಹತ್ತಿರ ಇಡಬೇಕಾಯಿತು. ಅಷ್ಟು ಹತ್ತಿರ ಹೋದ ಮೈಕಿಗೆ ರಾಗ ಮಾತ್ರ ಸಿಗುತ್ತದಾ? ಮರ ಕರಕರ ಅನ್ನುವುದು, ಸುತ್ತಿಗೆ ಹಿಂದೆ ಬೀಳುವ ‘ಟಕ್’, ನುಡಿಸುವವರ ಉಸಿರು, ಎಲ್ಲವೂ ಒಳಗೆ ಬಂತು. ಬೇರೆಯವರಾದರೆ ಅದನ್ನೆಲ್ಲ ಒರೆಸಿ ತೆಗೆಯುತ್ತಿದ್ದರು. ಇವರು ಹಾಗೇ ಬಿಟ್ಟರು. 2011ರಲ್ಲಿ ಅದು ಆಲ್ಬಂ ಆಗಿ ಬಂತು. ಹೆಸರೂ ‘ಫೆಲ್ಟ್’.

ಮರುವರ್ಷ ಹೆಬ್ಬೆರಳು ಮುರಿಯಿತು. ಮಲಗುವ ಅಟ್ಟದಿಂದ ಬಿದ್ದದ್ದು. ಪಿಯಾನೋದವರಿಗೆ ಹೆಬ್ಬೆರಳು ಹೋದರೆ ಏನುಳಿಯಿತು? ಬೆರಳಿಗೆ ಸ್ಕ್ರೂ ಹಾಕಿಸಿಕೊಂಡ ಈ ಮನುಷ್ಯ ಉಳಿದ ಒಂಬತ್ತು ಬೆರಳಲ್ಲಿ ಒಂಬತ್ತು ಸಣ್ಣ ರಾಗ ಮಾಡಿ, ತಮ್ಮ ಮೂವತ್ತನೇ ಹುಟ್ಟುಹಬ್ಬಕ್ಕೆ ಎಲ್ಲರಿಗೂ ಪುಕ್ಕಟೆ ಹಂಚಿದರು. ಹೆಸರು ‘ಸ್ಕ್ರೂಸ್’. ನಮ್ಮ ಸರಿಗಮದ ಹಾಗೆ ಅವರ ದೋ ರೇ ಮಿ ಫಾ ಇದೆಯಲ್ಲ, ಆ ಏಳು ಸ್ವರಗಳೇ ಏಳು ರಾಗದ ಹೆಸರು. ಮೊದಲಿನದಕ್ಕೆ ‘ನೀನು’, ಕೊನೆಯದಕ್ಕೆ ‘ನಾನು’ ಅನ್ನುವ ಅರ್ಥದ ಹೆಸರು.

ಹಾಗಂತ ಯಾವಾಗಲೂ ಪಿಸುಗುಡುವ ಜನ ಅಲ್ಲ. 2018ರ ಡಿಸೆಂಬರಿನಲ್ಲಿ ಅವರ ಕಾರ್ಯಕ್ರಮಕ್ಕೆ ಹೋಗಿದ್ದೆ. ಸ್ಪ್ರೇ ನದಿಯ ದಂಡೆಯಲ್ಲಿ ಫುಂಕ್‌ಹೌಸ್ ಅಂತ ಒಂದು ದೊಡ್ಡ ಕಟ್ಟಡ. ಹಿಂದೆ ಪೂರ್ವ ಜರ್ಮನಿಯ ರೇಡಿಯೋ ಕೇಂದ್ರ. ಅದರ ಮೂರನೇ ಹಾಲ್ ಅವರ ಸ್ಟುಡಿಯೋ. ಅವತ್ತು ನೋಡಿದರೆ ಸುತ್ತ ಪಿಯಾನೋ, ಆರ್ಗನ್, ಹಳೇ ಸಿಂಥಸೈಜರುಗಳು. ತಲೆಗೊಂದು ಟೊಪ್ಪಿ. ಎಡಗೈ ಒಂದರ ಮೇಲೆ, ಬಲಗೈ ಇನ್ನೊಂದರ ಮೇಲೆ, ಆಮೇಲೆ ಎದ್ದು ಮೂರನೆಯದಕ್ಕೆ ಓಟ. ಇಡೀ ಹಿಮ್ಮೇಳ ಒಬ್ಬನೇ. ಹಿಂದೊಮ್ಮೆ ಟಾಯ್ಲೆಟ್ ಬ್ರಷ್ ಹಿಡಿದು ಪಿಯಾನೋದ ತಂತಿಗೆ ಬಡಿದು ನುಡಿಸಿದ್ದೂ ಉಂಟು. 2013ರ ‘ಸ್ಪೇಸಸ್’ ಆಲ್ಬಂನಲ್ಲಿದೆ. ಸುಮ್ನೆ ತಮಾಷೆ ಅಂದುಕೊಂಡಿದ್ದೆ. ಕೇಳಿದರೆ ಒಳ್ಳೇ ತಾಳ.

ಸಿನಿಮಾದ ಕೆಲಸವೂ ಇದೆ. ‘ವಿಕ್ಟೋರಿಯಾ’ ಅಂತ ಬರ್ಲಿನ್‌ನದೇ ಒಂದು ಚಿತ್ರ, ಶುರುವಿನಿಂದ ಕೊನೆ ತನಕ ಒಂದೇ ಶಾಟ್. ಅದರ ಸಂಗೀತಕ್ಕೆ 2015ರಲ್ಲಿ ಜರ್ಮನಿಯ ಚಲನಚಿತ್ರ ಪ್ರಶಸ್ತಿ ಬಂತು. 2022ರ ‘ಮ್ಯೂಸಿಕ್ ಫಾರ್ ಅನಿಮಲ್ಸ್’ ಮೂರು ಗಂಟೆಗಿಂತ ಜಾಸ್ತಿ ಉದ್ದ, ಅದರಲ್ಲಿ ಪಿಯಾನೋವೇ ಇಲ್ಲ. ನನಗೆ ಅದು ಅಷ್ಟು ಹಿಡಿಸಲಿಲ್ಲ.

ಈ ಸಲ ಮಾರ್ಚ್ ಕೊನೆಗೆ ಉಡುಪಿಗೆ ಬಂದೆ. 29ಕ್ಕೆ ನೆನಪಾಯಿತು, ಇವತ್ತು ಪಿಯಾನೋ ದಿನ. ಫ್ರಾಮ್ 2015ರಲ್ಲಿ ಶುರು ಮಾಡಿದ್ದು. 88 ಕೀ ಅಲ್ವಾ, ಅದಕ್ಕೇ ವರ್ಷದ 88ನೇ ದಿನ. ಅಪ್ಪಯ್ಯನಿಗೆ ಕೇಳಿಸುವ ಅಂತ ಚಾವಡಿಯಲ್ಲಿ ಸಣ್ಣ ಸ್ಪೀಕರ್ ಇಟ್ಟೆ. ಅಪ್ಪಯ್ಯ ಬಡಗಿನ ಯಕ್ಷಗಾನ ಮೇಳದಲ್ಲಿ ಚೆಂಡೆ ಬಾರಿಸಿದವರು. ಆಟಕ್ಕೆ ಮೊದಲು ಊರಿಗೆ ಸುದ್ದಿ ಮುಟ್ಟಿಸಲು ಚೆಂಡೆ ಬಾರಿಸುವುದಕ್ಕೆ ‘ಕೇಳಿ’ ಅಂತಾರೆ; ಅವರು ಕೇಳಿ ಹೊಡೆದರೆ ಗದ್ದೆ ಆಚೆಯ ಊರಿನವರು ಊಟ ಮುಗಿಸಿ ಹೊರಡುತ್ತಿದ್ದರು.

‘ಫೆಲ್ಟ್’ ಹಾಕಿದೆ. ಏನೂ ಕೇಳಲಿಲ್ಲ. ಅಪ್ಪಯ್ಯನೇ ಎದ್ದು ಫ್ಯಾನ್ ಬಂದ್ ಮಾಡಿದರು. ಉಡುಪಿಯ ಮಾರ್ಚಿನ ಸೆಕೆ! ಎರಡೇ ನಿಮಿಷಕ್ಕೆ ನನ್ನ ಬೆನ್ನು ಒದ್ದೆ. ಅವರು ಹೆಗಲ ಬೈರಾಸಿನಿಂದ ಕುತ್ತಿಗೆ ಒರೆಸುತ್ತಾ ಕಣ್ಣು ಮುಚ್ಚಿ ಕೂತಿದ್ದರು.

"ಎಂತ ಮಾರಾಯ್ತಿ ಇದು ಕರಕರ? ಸ್ಪೀಕರ್ ಹಾಳಾ?"

"ಅಲ್ಲ ಅಪ್ಪಯ್ಯ, ಪಿಯಾನೋದ ಮರ."

"ಹಾಂ... ಉಸಿರೂ ಕೇಳ್ತದಲ್ಲ. ಪಾಪ, ಸಮಾ ಹತ್ತಿರ ಕೂತಿದ್ದಾನೆ."

ಅಕ್ಕಪಕ್ಕದವರ ನಿದ್ದೆಯ ಕತೆ ಹೇಳಿದೆ. ಅವರು ನಗಲಿಲ್ಲ. "ಇಲ್ಲಿಯೂ ಈಗ ಹತ್ತು ಗಂಟೆಯೇ" ಅಂದರು. ನಿಜ. ನಮ್ಮ ದೇಶದ ಕಾನೂನಿನಲ್ಲೂ ಧ್ವನಿವರ್ಧಕಕ್ಕೆ ರಾತ್ರಿ 10ರಿಂದ 6ರ ತನಕ ತಡೆ, 2000ನೇ ಇಸವಿಯ ನಿಯಮ. ಬರ್ಲಿನ್‌ನದ್ದೇ ಹೊತ್ತು! ಬೆಳಗಿನ ತನಕ ಕುಣಿಯುತ್ತಿದ್ದ ಎಷ್ಟೋ ಮೇಳಗಳು ಕಾಲಮಿತಿಗೆ ಬಂದಿವೆ. ಅದಕ್ಕೆ ಬೇರೆ ಕಾರಣಗಳೂ ಉಂಟು. ಮರುದಿನ ಕೆಲಸಕ್ಕೆ ಹೋಗುವವರು ರಾತ್ರಿಯಿಡೀ ಕೂರುವುದಿಲ್ಲ. ಅಪ್ಪಯ್ಯ ದೂರಲಿಲ್ಲ. "ನಾಲ್ಕು ಗಂಟೆಯ ಚೆಂಡೆ ಬೇರೆ, ಹತ್ತು ಗಂಟೆಯ ಚೆಂಡೆ ಬೇರೆ" ಅಂತ ಮಾತ್ರ ಹೇಳಿದರು.

ರಾಗ ಮುಗಿಯಿತು. ಫ್ಯಾನ್ ಹಾಕಲು ಎದ್ದೆ. "ತಡಿ" ಅಂದರು. ಒಳಗೆ ಹೋಗಿ ಚೆಂಡೆ ತಂದರು, ಹೆಗಲ ಬೈರಾಸು ಬಿಚ್ಚಿ ಅದರ ಮುಖಕ್ಕೆ ಹೊದೆಸಿದರು, ಒಂದೇ ಕೋಲಿನಿಂದ ಮೆಲ್ಲಗೆ ಬಾರಿಸತೊಡಗಿದರು. ಧಪ್, ಧಪ್, ಒಳಗೆಲ್ಲೋ ಹಲಸು ಬಿದ್ದ ಹಾಗೆ. ಚರ್ಮದ ಸದ್ದಿಗಿಂತ ಅವರ ಮಣಿಗಂಟಿನ ‘ಲಟಕ್’ ಸದ್ದೇ ಜಾಸ್ತಿ ಕೇಳಿತು.

ಅಡಿಗೆಮನೆಯಿಂದ ಅಮ್ಮ ಇಣುಕಿದರು. ಸ್ವಲ್ಪ ಹೊತ್ತು ನೋಡಿದರು.

"ಈ ಬೈರಾಸು ನಲ್ವತ್ತು ವರ್ಷದಿಂದ ಎಲ್ಲಿತ್ತಂತೆ?"