ಹತ್ತು ನಿಮಿಷಕ್ಕೇ ತಿರುಗಿ ಬಂದ ಭಾನುವಾರ

ಆ ಭಾನುವಾರ ಮಳೆ ಇರಲಿಲ್ಲ. ಕಾಲು ನೋವಿರಲಿಲ್ಲ. ಹಿಂದಿನ ರಾತ್ರಿ ಒಂಬತ್ತಕ್ಕೇ ಮಲಗಿದ್ದೆ. ಅಂದರೆ ಓಡದೆ ತಪ್ಪಿಸಿಕೊಳ್ಳೋಣ ಅಂದರೆ ಒಂದು ಒಳ್ಳೆಯ ನೆಪವೂ ಕೈಗೆ ಸಿಗುತ್ತಿರಲಿಲ್ಲ. ಆದರೂ ಬೆಳಗಿನ ನಾಲ್ಕೂಮುಕ್ಕಾಲಿಗೆ ಎದ್ದು, ಒಂದು ಕಾಲಿಗೆ ಸಾಕ್ಸ್ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಹಾಸಿಗೆಯ ಅಂಚಿನಲ್ಲಿ ಸುಮ್ನೆ ಕೂತಿದ್ದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ.

ಮೊದಲ ಮ್ಯಾರಥಾನ್‌ಗೆ 16 ವಾರಗಳ ತಯಾರಿ, ಅದರಲ್ಲಿ ಇದು 9ನೇ ವಾರ. ವಾರಕ್ಕೆ ನಾಲ್ಕು ಓಟ, ಮೂರು ಚಿಕ್ಕವು, ಭಾನುವಾರ ಒಂದು ಉದ್ದದ್ದು. ಆ ದಿನದ ಲೆಕ್ಕ 24 ಕಿ.ಮೀ. ಇಡೀ ವೇಳಾಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಕೊನೆಯ ಚೌಕದಲ್ಲಿ ದಪ್ಪ ಅಕ್ಷರದಲ್ಲಿ 42.195, ಮ್ಯಾರಥಾನಿನ ಪೂರ್ತಿ ದೂರ, ಕಿಲೋಮೀಟರಿನಲ್ಲಿ. ಆ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ನೋಡಿದರೆ, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಮುಂದಿನವರೆಗೆ ಇದ್ದ ದೂರವಂತೆ. 1921ರಲ್ಲಿ ಅದನ್ನೇ ಕಾಯಂ ಮಾಡಿದರು. ಯಾರೋ ಎಲ್ಲೋ ಆರಾಮಾಗಿ ಕೂತು ನೋಡಿದ್ದಕ್ಕೆ ನನ್ನ ಭಾನುವಾರಗಳು ಹೀಗಾದವು!

ಮೊದಲ ನಾಲ್ಕೈದು ವಾರ ಹುಮ್ಮಸ್ಸಿಗೆ ಬರ ಇರಲಿಲ್ಲ. ಹೊಸ ಶೂ, ಹೊಸ ಹಾಳೆ, ಸಿಕ್ಕವರಿಗೆಲ್ಲ ಹೇಳಿಕೊಳ್ಳುವ ಖುಷಿ. ಆಮೇಲೆ ಕೇಳುವವರೂ ಕಡಿಮೆಯಾದರು, ಹೇಳುವ ನನಗೂ ಬೇಜಾರಾಯಿತು. ಓಟದ ದಿನ ಇನ್ನೂ ಎರಡು ತಿಂಗಳು ದೂರ, ಶುರು ಮಾಡಿದ ದಿನದ ಉತ್ಸಾಹ ಆಗಲೇ ಎರಡು ತಿಂಗಳು ಹಿಂದೆ. ನಟ್ಟನಡುವೆ ಸಿಕ್ಕಿಹಾಕಿಕೊಂಡಿದ್ದೆ.

ಆಗ ನನಗಿಂತ ಹತ್ತು ವರ್ಷ ದೊಡ್ಡವರಾದ, ಎಷ್ಟೋ ಮ್ಯಾರಥಾನ್ ಓಡಿರುವ ಒಬ್ಬರು ಒಂದು ಉಪಾಯ ಹೇಳಿಕೊಟ್ಟಿದ್ದರು. "24 ಕಿಲೋಮೀಟರ್ ಓಡಬೇಕು ಅಂತ ಹೊರಡಬೇಡ. ಹತ್ತು ನಿಮಿಷ ಓಡ್ತೀನಿ ಅಂತ ಹೊರಡು. ಆಮೇಲೂ ಬೇಡ ಅನ್ಸಿದ್ರೆ ವಾಪಸ್ ಬಾ." ಸರಿ ಅಂತ ಗಡಿಯಾರದಲ್ಲಿ ಹತ್ತು ನಿಮಿಷಕ್ಕೆ ಬೀಪ್ ಇಟ್ಟುಕೊಂಡೆ. ಮೂರು ವಾರ ಚೆನ್ನಾಗಿಯೇ ನಡೆಯಿತು. ಬೀಪ್ ಆಗುವಷ್ಟರಲ್ಲಿ ಮೈ ಬಿಸಿಯಾಗಿ, ಉಸಿರು ಹದಕ್ಕೆ ಬಂದು, ಇನ್ನು ತಿರುಗೋದ್ಯಾಕೆ ಅನ್ನಿಸುತ್ತಿತ್ತು. ಆದರೆ ನಿಜ ಹೇಳಬೇಕು ಅಂದರೆ, ಆ ಮೂರು ವಾರದಲ್ಲಿ ಒಂದು ದಿನವೂ ವಾಪಸ್ ಬರುವ ಯೋಚನೆಯೇ ನನಗಿರಲಿಲ್ಲ. ಮಗುವಿಗೆ "ಇನ್ನೊಂದೇ ತುತ್ತು" ಅಂತ ಹೇಳಿ ತಟ್ಟೆ ಪೂರ್ತಿ ತಿನ್ನಿಸುತ್ತಾರಲ್ಲ, ಹಾಗೆ. ಮಗುವಿಗೂ ಒಂದು ದಿನ ಗೊತ್ತಾಗುತ್ತೆ ಅಲ್ವಾ?

ನನ್ನ ಮನಸ್ಸಿಗೆ ಗೊತ್ತಾದದ್ದು ಆ ಭಾನುವಾರ. ಹತ್ತು ನಿಮಿಷ ಅಂತ ನಾನು ಅಂದುಕೊಂಡರೂ ಅದು ನಂಬಲಿಲ್ಲ. ಹತ್ತು ಅಂತೀಯ, ಮೂರು ಗಂಟೆ ಓಡಿಸ್ತೀಯ ಅಂತ ಮೊಂಡು ಹಿಡಿದು ಕೂತಿತು. ಹೇಗೋ ಎರಡನೇ ಸಾಕ್ಸ್ ಹಾಕಿಕೊಂಡು ಹೊರಗೆ ಬಿದ್ದೆ. ಕತ್ತಲೆ, ಖಾಲಿ ರಸ್ತೆ, ನನ್ನದೇ ಹೆಜ್ಜೆಯ ಸದ್ದು. ಮಾಮೂಲಿ ದಿನ ಇಷ್ಟವಾಗುವ ಇದೆಲ್ಲ ಆ ದಿನ ಬರೀ ಹಿಂಸೆ. ಗಡಿಯಾರ ಬೀಪ್ ಅಂದಿತು. ನಿಂತೆ. ಬೇಕಾ ಅಂತ ಕೇಳಿಕೊಂಡೆ. ಬೇಡ. ತಿರುಗಿದೆ.

ಮನೆ ಬಾಗಿಲು ತೆಗೆದ ಅಮ್ಮ, "ಏನೋ, ಇಷ್ಟು ಬೇಗ ಮುಗೀತಾ? ಹುಷಾರಿಲ್ವಾ?" ಅಂತ ಹಣೆ ಮುಟ್ಟಿ ನೋಡಿದರು. ಜ್ವರ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ನಾಚಿಕೆಗೆ ಸಂಜೆ ಹೋಗಿ ಓಡಿಬಿಡಲಾ ಅಂತಲೂ ಯೋಚಿಸಿದೆ, ಹೋಗಲಿಲ್ಲ. ಹಾಳೆಯ ಆ ಚೌಕವನ್ನು ಖಾಲಿ ಬಿಡಲೂ ಮನಸ್ಸು ಬರಲಿಲ್ಲ, ಸರಿ ಗುರುತು ಹಾಕಲೂ ಆಗಲಿಲ್ಲ. ಕೊನೆಗೆ ಓಡಿದ್ದಷ್ಟನ್ನೇ ಬರೆದೆ. 3 ಕಿ.ಮೀ.

ಮಾಡಲು ಬೇರೆ ಕೆಲಸ ಇರಲಿಲ್ಲವಲ್ಲ, ಹಳೆಯ ಓಟಗಳ ಲೆಕ್ಕ ತೆಗೆದು ಕೂತೆ. ನೋಡಿದರೆ ನಗು ಬಂತು. ನನ್ನ ಗುರಿ ನಾಲ್ಕೂಮುಕ್ಕಾಲು ಗಂಟೆಯಲ್ಲಿ ಮ್ಯಾರಥಾನ್ ಮುಗಿಸುವುದು, ಅಂದರೆ ಕಿಲೋಮೀಟರಿಗೆ ಸುಮಾರು 6 ನಿಮಿಷ 45 ಸೆಕೆಂಡ್. ನಾನು "ಸುಲಭದ ಓಟ" ಅಂತ ಬರೆದುಕೊಂಡ ದಿನಗಳಲ್ಲೆಲ್ಲ ಕಿಲೋಮೀಟರಿಗೆ ಆರೂವರೆ ನಿಮಿಷದಲ್ಲಿ, ಗುರಿಗಿಂತಲೂ ಜೋರಾಗಿ ಓಡಿದ್ದೆ! ಪ್ರತಿ ದಿನ ಹಿಂದಿನ ದಿನಕ್ಕಿಂತ ನಾಲ್ಕು ಸೆಕೆಂಡಾದರೂ ಬೇಗ ಅನ್ನುವ ಹುಚ್ಚು. ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ 2019ರಲ್ಲಿ ವಿಯೆನ್ನಾದಲ್ಲಿ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಇದೇ ದೂರ ಓಡಿದವರು, ಕಿಲೋಮೀಟರಿಗೆ 2 ನಿಮಿಷ 50 ಸೆಕೆಂಡ್. ಅಂಥವರೂ ಸುಲಭದ ದಿನ ಅಂದರೆ ಅದಕ್ಕಿಂತ ಎಷ್ಟೋ ನಿಧಾನವಾಗಿ ಓಡುತ್ತಾರೆ. ನಾನೊಬ್ಬ ಮಾತ್ರ ವಾರಕ್ಕೆ ನಾಲ್ಕು ಸಲ ಯಾರೂ ಕರೆಯದ ಪಂದ್ಯ ಓಡುತ್ತಿದ್ದೆ. ಸೋಮಾರಿತನ ಅಂತ ಬೈದುಕೊಳ್ಳುತ್ತಿದ್ದದ್ದು ಮುಕ್ಕಾಲು ಪಾಲು ಬರೀ ಸುಸ್ತು.

ಬುಧವಾರ ಮತ್ತೆ ಹೊರಟಾಗ ಒಂದು ವ್ಯತ್ಯಾಸ ಕಾಣಿಸಿತು. ಹತ್ತು ನಿಮಿಷ ಅಂದರೆ ಈ ಸಲ ಮನಸ್ಸು ನಂಬಿತು. ಯಾಕೆಂದರೆ ಹೋದ ಸಲ ನಿಜವಾಗಿಯೂ ವಾಪಸ್ ಕರೆದುಕೊಂಡು ಬಂದಿದ್ದೆನಲ್ಲ! ಶೂ ಹಾಕಿಕೊಳ್ಳಲು ಜಗಳವೇ ಆಗಲಿಲ್ಲ. ಬೀಪ್ ಆಯಿತು, ಮುಂದೆ ಹೋದೆ.

ಮುಂದಿನ ಭಾನುವಾರ 24 ಕಿ.ಮೀ. ಓಡಿದೆ. ಏಳೂಮುಕ್ಕಾಲು ನಿಮಿಷದ ವೇಗ, ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಕಥೆ ಹೇಳುತ್ತಾ ಹೋಗಬಹುದಾದಷ್ಟು ನಿಧಾನ. ಇನ್ನೊಂದು ಬದಲಾವಣೆಯನ್ನೂ ಮಾಡಿದ್ದೆ. ಮೊದಲು ಮನೆಯ ಸುತ್ತಲೇ ಸುತ್ತು ಹೊಡೆಯುತ್ತಿದ್ದೆ, ಪ್ರತಿ ಸುತ್ತಿಗೂ ನಮ್ಮ ಗೇಟು ಬಾ ಬಾ ಅನ್ನುತ್ತಿತ್ತು. ಈಗ ನೇರ 12 ಕಿ.ಮೀ. ದೂರ ಹೋದೆ. ಹೋದ ಮೇಲೆ ಮನೆಗೆ ಬರಲೇಬೇಕಲ್ಲ. 19ನೇ ಕಿ.ಮೀ. ಹೊತ್ತಿಗೆ ತೊಡೆ ಕಲ್ಲಾಯಿತು, ಒಂದಿಷ್ಟು ದೂರ ಲೈಟು ಕಂಬ ಎಣಿಸಿದೆ, ಎಣಿಕೆ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದೆ. ಮೂರು ಗಂಟೆ ದಾಟಿ ಮನೆ ಸೇರಿದಾಗ ಅಮ್ಮ, "ಈ ಸಲ ಯಾಕೆ ಇಷ್ಟು ಲೇಟು?" ಅಂದರು.

ಆಮೇಲೆ ಮತ್ತೊಮ್ಮೆ ತಿರುಗಿ ಬಂದೆ, 12ನೇ ವಾರದ ಒಂದು ಮಂಗಳವಾರ. ಆ ಸಲ ನಾಚಿಕೆ ಆಗಲಿಲ್ಲ. 13ನೇ ವಾರ 30 ಕಿ.ಮೀ. ಮುಗಿಯಿತು. ಕೊನೆಯ ಮೂರು ವಾರ ಓಟ ಕಡಿಮೆ ಮಾಡಬೇಕು, ಕಾಲು ಚೇತರಿಸಿಕೊಳ್ಳಲಿ ಅಂತ. ಓಡು ಅಂದಾಗ ಬೇಡ ಅನ್ನುತ್ತಿದ್ದ ಅದೇ ಮನಸ್ಸು, ಕೂತಿರು ಅಂದಾಗ ಓಡೋಣ ಅಂತ ಪೀಡಿಸಿತು. ಇದಕ್ಕೇನು ಹೇಳೋದು!

ಓಟದ ದಿನ ಜನವೋ ಜನ. ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಷ್ಟು. ಗದ್ದಲದಲ್ಲಿ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದಾಗ ಗಡಿಯಾರ ಬೀಪ್ ಅಂದಿತು. ತೆಗೆಯಲು ಮರೆತಿದ್ದೆ. ಪಕ್ಕದಲ್ಲಿ ಓಡುತ್ತಿದ್ದವರು ತಿರುಗಿ ನೋಡಿ, "ಏನಂತೆ ನಿಮ್ಮ ವಾಚು?" ಅಂತ ಕೇಳಿದರು.

"ಬೇಕಿದ್ರೆ ಮನೆಗೆ ಹೋಗಬಹುದಂತೆ" ಅಂದೆ.